ಜೀಪು ಎಲ್ಲಿ ಮುರಿಯಬೇಕು?

ಕೊಡಚಾದ್ರಿಗೆ ಹತ್ತುವ ಜೀಪಿನಲ್ಲೋ ಮಡಿಕೇರಿಯಿಂದ ಮಾಂದಲಪಟ್ಟಿಗೆ ಹೋಗುವ ಜೀಪಿನಲ್ಲೋ ನಿಮ್ಮಲ್ಲಿ ಅನೇಕರು ಕುಳಿತಿರುತ್ತೀರಿ. ಮಲೆನಾಡಿನ ತೋಟಗಳಲ್ಲಿ ಗೊಬ್ಬರದ ಮೂಟೆಗೂ ಅದೇ ಗಾಡಿ, ಕಾಫಿ ಚೀಲಕ್ಕೂ ಅದೇ ಗಾಡಿ, ಮಳೆಗಾಲದ ನಡುರಾತ್ರಿ ಆಸ್ಪತ್ರೆಗೆ ಹೊರಡಬೇಕಾದವರಿಗೂ ಅದೇ ಗಾಡಿ. ಕೊರಕಲು ಬಿದ್ದ ಹಾದಿಯಲ್ಲಿ ಅದು ಒಂದು ಚಕ್ರ ಮೇಲೆತ್ತಿ, ಇನ್ನೊಂದು ಚಕ್ರವನ್ನು ಹಳ್ಳಕ್ಕಿಳಿಸಿ ಏರುವಾಗ ಕುಳಿತವರ ಕಣ್ಣು ಕಣಿವೆಯ ಮೇಲಿರುತ್ತದೆ. ಇವತ್ತು ನಾನು ಮಾತನಾಡಬೇಕೆಂದಿರುವುದು ನೆಲದ ಹಲಗೆಯ ಕೆಳಗಿರುವ ಕಬ್ಬಿಣದ ಬಗ್ಗೆ. ಚಾಲಕನ ಕೈಯ ತಿರುವನ್ನು ಮುಂದಿನ ಚಕ್ರಕ್ಕೆ ಮುಟ್ಟಿಸುವ ಸರಳುಗಳು ಒಂದು ಕಡೆ. ಎಂಜಿನ್ನಿನ ಬಲವನ್ನು ನಾಲ್ಕೂ ಚಕ್ರಕ್ಕೆ ಮುಟ್ಟಿಸುವ ಗೇರು, ಶಾಫ್ಟು, ಜಾಯಿಂಟುಗಳು ಇನ್ನೊಂದು ಕಡೆ. ಇವು ಎಲ್ಲಿ ಸೋಲುತ್ತವೆ, ಇವನ್ನು ಗಟ್ಟಿ ಮಾಡುತ್ತೇವೆಂದು ಅಂಗಡಿಯಲ್ಲಿ ಮಾರುವ ಸಾಮಾನುಗಳು ನಿಜವಾಗಿ ಏನು ಮಾಡುತ್ತವೆ ಎಂಬುದು ವಿಷಯ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮುರಿಯದ ವಾಹನ ಎಂಬುದಿಲ್ಲ. ಸಾಕಷ್ಟು ಬಲ ಬಿದ್ದರೆ ಎಲ್ಲೋ ಒಂದು ಕಡೆ ಅದು ಬಿಟ್ಟುಕೊಡಲೇಬೇಕು. ಮನೆಯ ಕರೆಂಟಿಗೆ ಫ್ಯೂಸ್ ಇರುವುದು ಈ ಕಾರಣಕ್ಕೇ: ಸುಡುವುದಾದರೆ ಅಗ್ಗದ ತಂತಿ ಸುಡಲಿ, ಗೋಡೆಯೊಳಗಿನ ವೈರು ಸುಡದಿರಲಿ. ಜೀಪಿನಲ್ಲೂ ಇಂಥ ಫ್ಯೂಸುಗಳಿವೆ. ಹಣ ಖರ್ಚು ಮಾಡಿ ಒಂದು ಭಾಗವನ್ನು ಗಟ್ಟಿ ಮಾಡಿದಾಗ ನಾವು ಮುರಿತವನ್ನು ತಪ್ಪಿಸಿರುವುದಿಲ್ಲ, ಅದನ್ನು ಮುಂದಿನ ಭಾಗಕ್ಕೆ ದೂಡಿರುತ್ತೇವೆ. ಅದು ಎಲ್ಲಿಗೆ ಹೋಯಿತು ಎಂದು ಕೇಳಿಕೊಳ್ಳದೆ ಮಾಡಿದ ಬದಲಾವಣೆ ಅಪಾಯದ್ದು.

ಲೆಕ್ಕ ಇಲ್ಲದೆ ಇದು ಮನಸ್ಸಿಗೆ ಹತ್ತುವುದಿಲ್ಲ. ಎರಡನೆಯ ಮಹಾಯುದ್ಧದ ವಿಲೀಸ್ ಜೀಪನ್ನೇ ತೆಗೆದುಕೊಳ್ಳೋಣ. ನಮ್ಮ ಮಹೀಂದ್ರಾ ಜೀಪುಗಳ ಮೂಲವೂ ಅದೇ ಮನೆತನ. ಅದರ ಎಂಜಿನ್ ಕೊಡುವ ತಿರುಚು ಬಲ, ಅಂದರೆ ಟಾರ್ಕ್, ಸುಮಾರು 142 ನ್ಯೂಟನ್ ಮೀಟರ್. ಇಂದಿನ ಸಣ್ಣ ಕಾರಿಗೂ ದೊಡ್ಡದೆನಿಸದ ಸಂಖ್ಯೆ. ಆದರೆ ಮೊದಲ ಗೇರಿನಲ್ಲಿ ಅದು 2.66 ಪಟ್ಟಾಗುತ್ತದೆ, ಟ್ರಾನ್ಸ್‌ಫರ್ ಕೇಸಿನ ಲೋ ಹಾಕಿದರೆ ಮತ್ತೆ 1.97 ಪಟ್ಟಾಗುತ್ತದೆ, ಆಕ್ಸಲ್ಲಿನ ಕ್ರೌನ್ ಪಿನಿಯನ್‌ನಲ್ಲಿ 4.88 ಪಟ್ಟು. ಮೂರನ್ನೂ ಗುಣಿಸಿದರೆ ಇಪ್ಪತ್ತೈದು ಪಟ್ಟಿಗೂ ಹೆಚ್ಚು. ಎಂಜಿನ್ನಿನಲ್ಲಿ 142 ಇದ್ದದ್ದು ಚಕ್ರದ ಹತ್ತಿರ ಬರುವಾಗ 3,600ರ ಮೇಲೆ. ನಾಲ್ಕು ಚಕ್ರಗಳೂ ನೆಲ ಹಿಡಿದಿದ್ದರೆ ಇದು ಹಂಚಿಹೋಗುತ್ತದೆ. ಏರಿನಲ್ಲಿ ಭಾರವೆಲ್ಲ ಹಿಂದಕ್ಕೆ ವಾಲಿ ಮುಂದಿನ ಚಕ್ರ ಹಗುರಾದಾಗ ಹೆಚ್ಚಿನ ಪಾಲು ಹಿಂದಿನ ಎರಡು ಶಾಫ್ಟುಗಳ ಮೇಲೆ ಬೀಳುತ್ತದೆ.

ಹಾಗಾದರೆ ಆ ಶಾಫ್ಟು ದಿನವೂ ಏಕೆ ಮುರಿಯುವುದಿಲ್ಲ? ಚಕ್ರ ಜಾರುತ್ತದೆ, ಅದಕ್ಕೆ. ಕೆಸರಿನಲ್ಲಿ ತೆಳು ಟೈರು ಗಿರಗಿರನೆ ಸುತ್ತಿದಾಗ ನಾವು ಬೈದುಕೊಳ್ಳುತ್ತೇವೆ. ಆ ಜಾರುವಿಕೆಯೇ ಶಾಫ್ಟನ್ನು ಕಾಪಾಡುತ್ತಿರುವ ಮೊದಲ ಫ್ಯೂಸು. ಕಾರ್ಖಾನೆಯವರು ಟೈರಿನ ಅಳತೆ ನೋಡಿಯೇ ಶಾಫ್ಟಿನ ದಪ್ಪ ನಿರ್ಧರಿಸಿರುತ್ತಾರೆ.

ಜೀಪು ಕೊಂಡ ಹುಡುಗರು ಮೊದಲು ಬದಲಿಸುವುದು ಟೈರನ್ನೇ. ಸುಮಾರು 29 ಇಂಚಿನ ಟೈರು ಹೋಗಿ 33 ಇಂಚಿನದು ಬರುತ್ತದೆ. ನೋಡಲು ಚಂದ, ನೆಲದಿಂದ ಎತ್ತರ, ಹಿಡಿತವೂ ಹೆಚ್ಚು. ಕೆಳಗೆ ಆಗುವುದೇನು? ಟೈರಿನ ತ್ರಿಜ್ಯ ಹೆಚ್ಚಿದಷ್ಟೂ ನೆಲ ಶಾಫ್ಟನ್ನು ತಿರುಚುವ ಸನ್ನೆ ಉದ್ದವಾಗುತ್ತದೆ. ಈ ಉದಾಹರಣೆಯಲ್ಲಿ ಸುಮಾರು ಶೇಕಡ 14. ಜೊತೆಗೆ ಗೇರಿಂಗ್ ಸಡಿಲವಾಗುತ್ತದೆ. 4.88 ಇದ್ದ ಆಕ್ಸಲ್ ಅನುಪಾತ ಈಗ ಸುಮಾರು 4.29 ಇದ್ದಂತೆ ವರ್ತಿಸುತ್ತದೆ. ಗಾಡಿ ನಿಧಾನವಾಗಿ ತೆವಳಲಾರದೆ ಚಾಲಕ ವೇಗ ತೆಗೆದುಕೊಂಡು ಏರಿಗೆ ನುಗ್ಗುತ್ತಾನೆ. ಟೈರಿನ ತೂಕವೂ ಏರಿದೆ. ಗಾಳಿಯಲ್ಲಿ ವೇಗವಾಗಿ ಸುತ್ತುತ್ತಿದ್ದ ಭಾರದ ಚಕ್ರ ಒಮ್ಮೆಲೇ ಬಂಡೆಗೆ ಕಚ್ಚಿ ನಿಂತಾಗ ಬೀಳುವ ಪೆಟ್ಟು ನಾನು ಮೇಲೆ ಹೇಳಿದ ಲೆಕ್ಕಕ್ಕೆಲ್ಲ ಮೀರಿದ್ದು. ಶಾಫ್ಟುಗಳು ಹೆಚ್ಚಾಗಿ ಮುರಿಯುವ ಗಳಿಗೆ ಅದು.

ಡಿಫರೆನ್ಷಿಯಲ್ ಲಾಕರ್ ಹಾಕಿಸಿದರೆ ಮತ್ತೊಂದು ಹೆಜ್ಜೆ. ಸಾಮಾನ್ಯ ಡಿಫರೆನ್ಷಿಯಲ್ ಎಡಬಲ ಶಾಫ್ಟುಗಳಿಗೆ ಬಲವನ್ನು ಸಮನಾಗಿ ಹಂಚುತ್ತದೆ. ಒಂದು ಚಕ್ರ ಗಾಳಿಯಲ್ಲಿದ್ದರೆ ಇನ್ನೊಂದಕ್ಕೂ ಏನೂ ಸಿಗುವುದಿಲ್ಲ, ಗಾಡಿ ನಿಂತುಬಿಡುತ್ತದೆ. ಲಾಕರ್ ಇದ್ದರೆ ಆ ಆಕ್ಸಲ್ಲಿಗೆ ಬಂದ ಬಲವಷ್ಟೂ ನೆಲದಲ್ಲಿರುವ ಒಂದೇ ಚಕ್ರಕ್ಕೆ ಹೋಗಬಹುದು. ಅಂದರೆ ಒಂದು ಶಾಫ್ಟಿನ ಮೇಲೆ ಹಿಂದಿಗಿಂತ ಎರಡು ಪಟ್ಟು ಹೊರೆ. ಲಾಕರ್ ಬೇಡ ಎನ್ನುತ್ತಿಲ್ಲ. ಕಾಡುಹಾದಿಯಲ್ಲಿ ಅದರಷ್ಟು ಉಪಕಾರಿಯಾದ ಸಲಕರಣೆ ಕಡಿಮೆ. ಲಾಕರ್ ಹಾಕುವವರು ಶಾಫ್ಟಿನ ಕಡೆ ನೋಡದೆ ಹಾಕಬಾರದು, ಅಷ್ಟೆ.

ಶಾಫ್ಟು ಮುರಿದರೆ ಏನಾಗುತ್ತದೆ ಎಂಬುದು ಅದು ಮುರಿಯುತ್ತದೆಯೇ ಎಂಬುದಕ್ಕಿಂತ ದೊಡ್ಡ ಪ್ರಶ್ನೆ. ಇಲ್ಲಿ ಎರಡು ವಾಹನಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಡಾರ್ಜಿಲಿಂಗ್ ಜಿಲ್ಲೆಯ ಮಾನೇಭಂಜಾಂಗ್‌ನಿಂದ 3,636 ಮೀಟರ್ ಎತ್ತರದ ಸಂದಕ್‌ಫುಗೆ ಹತ್ತುವ ಹಳೆಯ ಲ್ಯಾಂಡ್ ರೋವರ್‌ಗಳ ಬಗ್ಗೆ ನೀವು ಕೇಳಿರಬಹುದು. ಆ ಸೀರೀಸ್ ಲ್ಯಾಂಡ್ ರೋವರ್‌ಗಳ ಹಿಂದಿನ ಹಾಫ್ ಶಾಫ್ಟು ಲೋಕಪ್ರಸಿದ್ಧ ದುರ್ಬಲ ಭಾಗ. ದೂರ ಹೋಗುವವರು ಒಂದು ಶಾಫ್ಟನ್ನು ಸ್ಪೇರ್ ಆಗಿ ಇಟ್ಟುಕೊಳ್ಳುವುದು ವಾಡಿಕೆ. ಆದರೆ ಅಲ್ಲಿರುವುದು ಫುಲ್ ಫ್ಲೋಟಿಂಗ್ ಆಕ್ಸಲ್. ಗಾಡಿಯ ತೂಕವನ್ನು ಹೊರುವುದು ಹೌಸಿಂಗಿನ ತುದಿಯ ಬೇರಿಂಗುಗಳು, ಶಾಫ್ಟಿಗೆ ತಿರುಗಿಸುವ ಕೆಲಸ ಮಾತ್ರ. ಅದು ಮುರಿದರೆ ಚಕ್ರ ತನ್ನ ಜಾಗದಲ್ಲೇ ಇರುತ್ತದೆ. ಹಬ್ಬಿನ ಬೋಲ್ಟು ಬಿಚ್ಚಿ ಮುರಿದ ಶಾಫ್ಟನ್ನು ಹೊರಗೆಳೆದು, ಲೋಹದ ಚೂರು ಡಿಫರೆನ್ಷಿಯಲ್ಲಿನಲ್ಲಿ ಉಳಿಯದಂತೆ ನೋಡಿಕೊಂಡು, ಫೋರ್ ವೀಲ್ ಹಾಕಿ ಮುಂದಿನ ಆಕ್ಸಲ್ಲಿನ ಬಲದಲ್ಲೇ ಊರು ಸೇರಬಹುದು.

ಇನ್ನೊಂದು, ಅಮೆರಿಕದ ಜೀಪ್ ಚೆರೋಕಿ ಮತ್ತು ರ್‍ಯಾಂಗ್ಲರ್‌ಗಳ ಹಿಂಭಾಗದಲ್ಲಿ ಎಷ್ಟೋ ವರ್ಷ ಬಂದ ಡಾನಾ 35 ಆಕ್ಸಲ್. ಅದು ಸೆಮಿ ಫ್ಲೋಟಿಂಗ್. ಶಾಫ್ಟು ತಿರುಗಿಸುವುದರ ಜೊತೆಗೆ ತೂಕವನ್ನೂ ಹೊರಬೇಕು. ಸಿ ಆಕಾರದ ಸಣ್ಣ ಕ್ಲಿಪ್ಪೊಂದು ಡಿಫರೆನ್ಷಿಯಲ್ಲಿನ ಒಳಗೆ ಶಾಫ್ಟಿನ ತುದಿಯನ್ನು ಹಿಡಿದಿಟ್ಟಿರುತ್ತದೆ. ಆ ಕ್ಲಿಪ್ಪಿನಿಂದ ಹೊರಕ್ಕೆ ಎಲ್ಲೇ ಮುರಿದರೂ ಚಕ್ರಸಮೇತ ಶಾಫ್ಟು ಹೌಸಿಂಗಿನಿಂದ ಜಾರಿ ಹೊರಬರುತ್ತದೆ. ಅದಕ್ಕೇ ಆ ಆಕ್ಸಲ್ಲಿಗೆ 27 ಸ್ಪ್ಲೈನಿನ ಬದಲು 30 ಸ್ಪ್ಲೈನಿನ ಕ್ರೋಮೊಲಿ ಉಕ್ಕಿನ ಶಾಫ್ಟು ಹಾಕುವ ಕಿಟ್ಟುಗಳು ಬಂದವು. ಎಷ್ಟೋ ಜನ ಇಡೀ ಆಕ್ಸಲ್ಲನ್ನೇ ತೆಗೆದು ಅದಕ್ಕಿಂತ ದೊಡ್ಡದಾದ ಡಾನಾ 44 ಹಾಕಿಸಿಕೊಂಡರು. ನನ್ನನ್ನು ಕೇಳಿದರೆ ಎರಡನೆಯ ದಾರಿಯೇ ಸರಿ. ದಪ್ಪ ಶಾಫ್ಟು ಹಾಕಿದರೂ ಸುತ್ತಲಿನ ಹೌಸಿಂಗು, ಕ್ರೌನ್ ಪಿನಿಯನ್ ಹಳೆಯ ಅಳತೆಯದೇ. ಶಾಫ್ಟು ಬದುಕಿ ಕ್ರೌನಿನ ಹಲ್ಲು ಹಾರಿದರೆ ಕಾಡಿನಲ್ಲಿ ಮಾಡುವುದಕ್ಕೇನೂ ಉಳಿಯುವುದಿಲ್ಲ.

ನನಗೆ ಇಲ್ಲಿ ಬೆರಗೆನಿಸುವ ಸಂಗತಿ ಎಂದರೆ ಯುದ್ಧದ ವಿಲೀಸ್ ಜೀಪಿಗೆ ಹಿಂದಿನ ಆಕ್ಸಲ್ ಫುಲ್ ಫ್ಲೋಟಿಂಗ್ ಇತ್ತು. ಯುದ್ಧ ಮುಗಿದು ನಾಗರಿಕರಿಗೆ ಸಿಜೆ ಜೀಪು ಮಾಡತೊಡಗಿದ ಸ್ವಲ್ಪ ಕಾಲಕ್ಕೇ ಅದು ಸೆಮಿ ಫ್ಲೋಟಿಂಗ್ ಆಯಿತು. ಶಾಫ್ಟಿನ ತುದಿಯನ್ನು ಟೇಪರ್ ಮಾಡಿ, ಹಬ್ಬನ್ನು ಒಂದು ಕೀಲಿಯಿಂದ ಕೂಡಿಸಿ, ನಟ್ಟಿನಿಂದ ಬಿಗಿದರು. ಆ ನಟ್ಟು ಸ್ವಲ್ಪ ಸಡಿಲಿದರೂ ಟೇಪರಿನ ಹಿಡಿತ ಹೋಗಿ ಎಲ್ಲ ಬಲವೂ ಕೀಲಿಯ ಮೇಲೆ ಬಿದ್ದು ಅದು ಕತ್ತರಿಸಿಹೋಗುತ್ತದೆ. ಇಂಥ ಜೀಪು ಇಟ್ಟುಕೊಂಡವರು ನಟ್ಟನ್ನು ಕೈಯಂದಾಜಿನಲ್ಲಿ ಬಿಗಿಯದೆ ಟಾರ್ಕ್ ರೆಂಚಿನಲ್ಲೇ ಬಿಗಿಸಬೇಕು.

ಮುಂದಿನ ಆಕ್ಸಲ್ಲಿಗೆ ಬಂದರೆ ಕಷ್ಟ ಹೆಚ್ಚು. ಅಲ್ಲಿ ಚಕ್ರ ತಿರುಗಬೇಕು, ಎಡಬಲಕ್ಕೆ ಹೊರಳಲೂ ಬೇಕು. ಅದಕ್ಕಾಗಿ ಶಾಫ್ಟಿನ ತುದಿಯಲ್ಲಿ ಕ್ರಾಸ್ ಜಾಯಿಂಟೋ ಗುಂಡುಗಳಿರುವ ಬರ್‌ಫೀಲ್ಡ್ ಬಗೆಯ ಜಾಯಿಂಟೋ ಇರುತ್ತದೆ. ನಮ್ಮ ಮಾರುತಿ ಜಿಪ್ಸಿಯಲ್ಲೂ, ಹಳೆಯ ಟೊಯೊಟಾ ಲ್ಯಾಂಡ್ ಕ್ರೂಸರ್‌ಗಳಲ್ಲೂ ಇರುವುದು ಈ ಎರಡನೆಯ ಬಗೆ. ನೇರವಾಗಿರುವಾಗ ಇವು ಗಟ್ಟಿ. ಸ್ಟೀರಿಂಗನ್ನು ಕಡೆಯವರೆಗೆ ತಿರುಗಿಸಿದಾಗ ಹೊರೆ ಸಮನಾಗಿ ಹಂಚಿಹೋಗದೆ ಕೆಲವೇ ಗುಂಡುಗಳ ಮೇಲೆ ಕುಳಿತು ಹೊರಗಿನ ಬಟ್ಟಲು ಬಿರಿಯುತ್ತದೆ. ಗಟ್ಟಿ ಮಿಶ್ರಲೋಹದ ಜಾಯಿಂಟುಗಳು ಸಿಗುತ್ತವೆ, ಬೆಲೆಯೂ ಹಾಗೇ ಇದೆ. ಒಂದು ಪೈಸೆ ಖರ್ಚಿಲ್ಲದ ಉಪಾಯವೂ ಇದೆ: ಪೂರ್ತಿ ತಿರುಗಿಸಿದ ಸ್ಟೀರಿಂಗಿನಲ್ಲಿ ಆಕ್ಸಲರೇಟರ್ ಒತ್ತಬೇಡಿ. ಚಕ್ರ ಸಿಕ್ಕಿಬಿದ್ದಿದೆ ಅನ್ನಿಸಿದರೆ ಸ್ವಲ್ಪ ಹಿಂದಕ್ಕೆ ಬಂದು, ಸ್ಟೀರಿಂಗ್ ನೇರ ಮಾಡಿಕೊಂಡು, ಆಮೇಲೆ ಬಲ ಕೊಡಿ. ಇದನ್ನು ಕಲಿತ ಚಾಲಕನ ಜಾಯಿಂಟು ವರ್ಷಗಟ್ಟಲೆ ಬಾಳುತ್ತದೆ.

ಫೋರ್ ವೀಲನ್ನು ಗಟ್ಟಿ ರಸ್ತೆಯಲ್ಲಿ ಹಾಕಿಕೊಂಡು ಓಡಿಸುವ ಅಭ್ಯಾಸವನ್ನೂ ಹೇಳಲೇಬೇಕು. ಹಳೆಯ ಜೀಪು, ಜಿಪ್ಸಿ, ಥಾರ್‌ಗಳಲ್ಲಿ ಮುಂದಿನ ಹಿಂದಿನ ಆಕ್ಸಲ್ಲುಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಹೋಗಬೇಕು. ಕೆಸರಿನಲ್ಲಿ ಚಕ್ರ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ತೋಟದ ಕಾಂಕ್ರೀಟ್ ಏರಿನಲ್ಲಿ ಜಾರಲು ಜಾಗವಿಲ್ಲದೆ ಶಾಫ್ಟುಗಳು ಒಂದಕ್ಕೊಂದು ತಿರುಚಿಕೊಳ್ಳುತ್ತಾ ಹೋಗುತ್ತವೆ. ಫೋರ್ ವೀಲಿನ ಲಿವರ್ ಹಿಡಿದುಕೊಂಡು ಬರದಿದ್ದರೆ ಅದೇ ಅದರ ಗುರುತು. ಬಲವಂತ ಮಾಡದೆ ಕೆಲವು ಮಾರು ನೇರವಾಗಿ ರಿವರ್ಸ್ ಹೋದರೆ ಬಿಡುತ್ತದೆ. ಇನ್ನು ಟೂ ವೀಲಿನಲ್ಲಿ ಓಡುವಾಗಲೂ ಮುಂದಿನ ಶಾಫ್ಟುಗಳು ಸುಮ್ಮನೆ ತಿರುಗಿ ಸವೆಯುವುದನ್ನು ತಪ್ಪಿಸಲು, ಯುದ್ಧದಲ್ಲಿ ಉಳಿದ ಜೀಪುಗಳಿಗಾಗಿ ಅಮೆರಿಕದಲ್ಲಿ ಆರ್ಥರ್ ವಾರ್ನ್ ಎಂಬವರು 1948ರಲ್ಲಿ ಲಾಕಿಂಗ್ ಹಬ್ ಮಾಡಿ ಮಾರತೊಡಗಿದರು. ಇಂದು ವಿಂಚಿಗೆ ಹೆಸರಾದ ವಾರ್ನ್ ಕಂಪನಿ ಹುಟ್ಟಿದ್ದು ಹಾಗೆ. ಈ ಹಬ್ಬಿಗೆ ಇನ್ನೊಂದು ಗುಣವಿದೆ. ಅದು ಚಕ್ರದ ಹೊರಗೇ ಇರುವುದರಿಂದ, ಶಾಫ್ಟಿಗೆ ಮೊದಲು ಅದು ಮುರಿದರೆ ಕೆಲವೇ ಸ್ಕ್ರೂ ಬಿಚ್ಚಿ ದಾರಿಯಲ್ಲೇ ಬದಲಿಸಬಹುದು. ಇಂಥ ಜಾಗದಲ್ಲಿ ಫ್ಯೂಸ್ ಇರಲಿ ಎನ್ನುತ್ತೇನೆ ನಾನು.

ಸ್ಟೀರಿಂಗಿನಲ್ಲಿ ಮಾತ್ರ ಫ್ಯೂಸ್ ಇರಬಾರದು. ಶಾಫ್ಟು ಮುರಿದರೆ ಗಾಡಿ ನಿಲ್ಲುತ್ತದೆ. ಸ್ಟೀರಿಂಗ್ ಕೊಂಡಿ ಕಳಚಿದರೆ ಗಾಡಿ ನಿಲ್ಲುವುದಿಲ್ಲ; ಘಟ್ಟದ ತಿರುವಿನಲ್ಲಿ ನೇರ ಹೋಗುತ್ತದೆ. ನಮ್ಮ ಹುಡುಗರು ಇದನ್ನೇ ತಲೆಕೆಳಗು ಮಾಡುತ್ತಿರುವುದು ನನಗೆ ಸಂಕಟದ ವಿಷಯ. ಬಂಪರಿಗೆ, ಲೈಟಿಗೆ, ಟೈರಿಗೆ ಲಕ್ಷಗಟ್ಟಲೆ ಸುರಿದ ಗಾಡಿಯ ಅಡಿಯಲ್ಲಿ ಸವೆದ ಟೈ ರಾಡ್ ಎಂಡು ಹಾಗೇ ನೇತಾಡುತ್ತಿರುತ್ತದೆ.

ಹಳೆಯ ವಿಲೀಸ್ ಮನೆತನದ ಜೀಪಿನಲ್ಲಿ ಸ್ಟೀರಿಂಗ್ ಬಾಕ್ಸಿನಿಂದ ಹೊರಟ ಡ್ರ್ಯಾಗ್ ಲಿಂಕ್ ನೇರವಾಗಿ ಚಕ್ರಕ್ಕೆ ಹೋಗುವುದಿಲ್ಲ. ಮುಂಭಾಗದಲ್ಲಿ ಒಂದು ಪಿನ್ನಿನ ಮೇಲೆ ತಿರುಗುವ ಬೆಲ್ ಕ್ರ್ಯಾಂಕ್ ಎಂಬ ತುಂಡಿಗೆ ಹೋಗುತ್ತದೆ. ಅಲ್ಲಿಂದ ಎರಡು ಟೈ ರಾಡುಗಳು ಎಡಬಲ ಚಕ್ರಗಳಿಗೆ. ಹೀಗೆ ಆರೇಳು ಕೂಡುಗಳು. ಒಂದೊಂದು ಕೂಡಿನಲ್ಲಿ ಕೂದಲೆಳೆಯಷ್ಟು ಸವೆತವಿದ್ದರೂ ಎಲ್ಲ ಸೇರಿ ಸ್ಟೀರಿಂಗ್ ಚಕ್ರದಲ್ಲಿ ಕೈಯಗಲ ಪ್ಲೇ ಆಗುತ್ತದೆ. ಎಲ್ಲಕ್ಕಿಂತ ಬೇಗ ಸವೆಯುವುದು ಆ ಬೆಲ್ ಕ್ರ್ಯಾಂಕಿನ ಪಿನ್ನು, ಬುಷ್ಷು. ಅದಕ್ಕೆ ಸೂಜಿ ಬೇರಿಂಗಿನ ಕಿಟ್ಟು ಹಾಕಿಸುವುದು ಒಂದು ಪರಿಹಾರ. ಬೆಲ್ ಕ್ರ್ಯಾಂಕನ್ನೇ ತೆಗೆದುಹಾಕಿ, ಸ್ಟೀರಿಂಗ್ ಬಾಕ್ಸನ್ನು ಮುಂದಕ್ಕೆ ತಂದು, ಒಂದೇ ಅಖಂಡ ಟೈ ರಾಡ್ ಕೊಡುವುದು ಇನ್ನೊಂದು. ಅಮೆರಿಕದಲ್ಲಿ 1972ರಿಂದ ಸಿಜೆ ಜೀಪುಗಳಿಗೆ ಕಾರ್ಖಾನೆಯವರೇ ಸಾಗಿನಾ ಎಂಬ ಸ್ಟೀರಿಂಗ್ ಬಾಕ್ಸ್ ಕೊಟ್ಟರು. ಹಳೆಯ ಜೀಪಿನವರು ಇವತ್ತಿಗೂ ಅದನ್ನೇ ತಂದು ಕೂರಿಸಿಕೊಳ್ಳುತ್ತಾರೆ.

ನಮ್ಮಲ್ಲಿ ಹೆಚ್ಚಿನವರು ಹಾಕಿಸುವುದು ಬೊಲೆರೊದ ಪವರ್ ಸ್ಟೀರಿಂಗ್. ಭಾರದ ಟೈರಿರುವ ಗಾಡಿಯನ್ನು ತೋಟದಲ್ಲಿ ದಿನವಿಡೀ ತಿರುಗಿಸುವವರ ಭುಜಕ್ಕೆ ಅದು ದೊಡ್ಡ ಉಪಕಾರ. ಆದರೆ ಇಲ್ಲೂ ಮುರಿತ ಜಾಗ ಬದಲಿಸುತ್ತದೆ. ಹಿಂದೆ ಮುಂದಿನ ಚಕ್ರ ಎರಡು ಬಂಡೆಗಳ ನಡುವೆ ಸಿಕ್ಕಿದರೆ ನಮ್ಮ ತೋಳಿನಿಂದ ತಿರುಗಿಸಲು ಆಗುತ್ತಿರಲಿಲ್ಲ, ಕೈ ಬಿಡುತ್ತಿದ್ದೆವು. ಪವರ್ ಸ್ಟೀರಿಂಗಿಗೆ ಆ ದಣಿವಿಲ್ಲ. ಅದು ಒತ್ತುತ್ತಲೇ ಹೋಗುತ್ತದೆ. ಹಳೆಯ ತೆಳು ಟೈ ರಾಡ್ ಬಿಲ್ಲಿನಂತೆ ಬಾಗುತ್ತದೆ. ಅದಕ್ಕೆ ದಪ್ಪ ಟೈ ರಾಡ್ ಹಾಕಿದಿರಿ ಎನ್ನಿ, ಬಲ ಈಗ ಸ್ಟೀರಿಂಗ್ ಬಾಕ್ಸ್ ಬಿಗಿದಿರುವ ಚಾಸಿಯ ಮೇಲೆ. ಆ ಬೋಲ್ಟುಗಳ ಸುತ್ತ ಚಾಸಿ ಬಿರುಕು ಬಿಡುವುದು ಹಳೆಯ ಸಿಜೆಗಳಲ್ಲಿ ಗೊತ್ತಿದ್ದ ರೋಗ. 1984ರಿಂದ 2001ರವರೆಗೆ ಬಂದ ಚೆರೋಕಿಯಲ್ಲಂತೂ ಬೇರೆ ಚಾಸಿಯೇ ಇಲ್ಲ, ಮಡಚಿದ ತಗಡಿನ ರೈಲಿಗೇ ಬಾಕ್ಸ್ ಬಿಗಿದಿದ್ದಾರೆ. ಅಲ್ಲೂ ಬಿರುಕು ಸಾಮಾನ್ಯ. ಬಾಕ್ಸಿನ ಹಿಂದೆ ಉಕ್ಕಿನ ಪಟ್ಟಿ, ಎದುರು ಬದಿಯ ರೈಲಿಗೆ ಆಧಾರದ ಸರಳು ಕೊಡುವುದು ಅದಕ್ಕೆ ಮದ್ದು. ಪವರ್ ಸ್ಟೀರಿಂಗ್ ಹಾಕಿಸುವವರು ಬಾಕ್ಸು, ಟೈ ರಾಡು, ಚಾಸಿಯ ಪಟ್ಟಿ ಮೂರನ್ನೂ ಒಂದೇ ಕೆಲಸವೆಂದು ತಿಳಿಯಬೇಕು. ಮೊದಲೆರಡಕ್ಕೆ ದುಡ್ಡಿದೆ, ಮೂರನೆಯದು ಮುಂದಿನ ವರ್ಷ ಎಂದರೆ ಆಗುವುದಿಲ್ಲ.

ಟೈ ರಾಡಿನ ಉಕ್ಕಿನ ಬಗ್ಗೆ ಒಂದು ಎಚ್ಚರಿಕೆ. ಗಟ್ಟಿಯಾದದ್ದೆಲ್ಲ ಒಳ್ಳೆಯದಲ್ಲ. ಪೆಟ್ಟು ಬಿದ್ದಾಗ ಬಾಗುವ ರಾಡು ನಿಮ್ಮನ್ನು ನಿಧಾನವಾಗಿಯಾದರೂ ಮನೆಗೆ ತರುತ್ತದೆ. ಪೆಡಸಾದದ್ದು ಪಟ್ಟನೆ ಮುರಿಯುತ್ತದೆ. ರಸ್ತೆಬದಿಯಲ್ಲಿ ವೆಲ್ಡಿಂಗ್ ಮಾಡಿ ಜೋಡಿಸಿದ ಡ್ರ್ಯಾಗ್ ಲಿಂಕ್, ಕಾಯಿಸಿ ಬಗ್ಗಿಸಿದ ಸ್ಟೀರಿಂಗ್ ಆರ್ಮ್, ಇವುಗಳಲ್ಲಿ ನಾನು ಯಾರನ್ನೂ ಕೂರಿಸಲಾರೆ. ವೆಲ್ಡಿಂಗಿನ ಅಂಚಿನಲ್ಲಿ ಉಕ್ಕಿನ ಗುಣ ಬದಲಾಗಿ ಬಿರುಕು ಅಲ್ಲಿಂದಲೇ ಹೊರಡುತ್ತದೆ, ಹೊರಗೆ ಏನೂ ಕಾಣುವುದಿಲ್ಲ.

ಸ್ಟೀರಿಂಗ್ ನಡುಕಕ್ಕೂ ಸವೆದ ಕೂಡುಗಳಿಗೂ ಸಂಬಂಧವಿದೆ. ಗಂಟೆಗೆ ಅರವತ್ತು ಎಪ್ಪತ್ತು ಕಿಲೋಮೀಟರ್ ವೇಗದಲ್ಲಿ ಒಂದು ಗುಂಡಿಗೆ ಚಕ್ರ ಬಿದ್ದಕೂಡಲೇ ಮುಂಭಾಗವೆಲ್ಲ ಗಡಗಡ ಅದುರಿ, ಬ್ರೇಕ್ ಹಿಡಿದು ವೇಗ ಇಳಿಸುವವರೆಗೂ ನಿಲ್ಲದಿರುವುದು ಅಖಂಡ ಮುಂದಿನ ಆಕ್ಸಲ್ ಇರುವ ಗಾಡಿಗಳ ಹಳೆಯ ಕಾಯಿಲೆ. ಹೆಚ್ಚಿನವರು ಓಡಿಹೋಗಿ ಸ್ಟೀರಿಂಗ್ ಡ್ಯಾಂಪರ್ ಹಾಕಿಸುತ್ತಾರೆ. ನಡುಕ ಕೆಲವು ತಿಂಗಳು ಮುಚ್ಚಿಹೋಗುತ್ತದೆ, ಕಾರಣ ಹಾಗೇ ಉಳಿಯುತ್ತದೆ. ಕಾಯಿಲ್ ಸ್ಪ್ರಿಂಗ್ ಇದ್ದರೆ ಆಕ್ಸಲ್ಲನ್ನು ಅಡ್ಡಕ್ಕೆ ಹಿಡಿದಿರುವ ಟ್ರ್ಯಾಕ್ ಬಾರಿನ ಬುಷ್ಷು, ಬೋಲ್ಟು ನೋಡಿ. ಪಾಟಾ ಇದ್ದರೆ ಶ್ಯಾಕಲ್ ಬುಷ್ಷು, ಕಿಂಗ್ ಪಿನ್ ಬೇರಿಂಗಿನ ಬಿಗಿ, ಚಕ್ರದ ಬೇರಿಂಗ್, ಟೈ ರಾಡ್ ಎಂಡುಗಳನ್ನು ನೋಡಿ. ಗಾಡಿ ಎತ್ತರಿಸಿದ ಮೇಲೆ ನಡುಕ ಶುರುವಾಗಿದ್ದರೆ ಕ್ಯಾಸ್ಟರ್ ಕೋನದ ಮೇಲೆ, ಅಂದರೆ ಚಕ್ರ ಹೊರಳುವ ಅಕ್ಷ ಹಿಂದಕ್ಕೆ ವಾಲಿರುವ ಕೋನದ ಮೇಲೆ, ಅನುಮಾನಪಡಿ. ಯುದ್ಧದ ಜೀಪಿಗೆ ಅದು 3 ಡಿಗ್ರಿ ಇತ್ತು. ಮುಂದಿನ ತುದಿಯಲ್ಲಿ ಶ್ಯಾಕಲ್ ಇರುವ ಜೀಪಿಗೆ ಉದ್ದದ ಶ್ಯಾಕಲ್ ಹಾಕಿದರೆ ಆಕ್ಸಲ್ ಮುಂದಕ್ಕೆ ಉರುಳಿ ಆ ಕೋನ ಕಡಿಮೆಯಾಗುತ್ತದೆ, ಚಕ್ರ ತಾನಾಗಿ ನೇರಕ್ಕೆ ಬರುವ ಗುಣ ಹೋಗುತ್ತದೆ. ಪಾಟಾದ ಕೆಳಗೆ ಓರೆ ತುಂಡು ಕೊಟ್ಟು ಸರಿಪಡಿಸಬಹುದು. ಎತ್ತರಿಸಿದಾಗ ಡ್ರ್ಯಾಗ್ ಲಿಂಕ್ ಕೂಡ ಓರೆಯಾಗಿ, ಗುಂಡಿ ಬಿದ್ದಾಗಲೆಲ್ಲ ಗಾಡಿ ತಾನೇ ಪಕ್ಕಕ್ಕೆ ಎಳೆಯುತ್ತದೆ. ಇನ್ನು ಚಕ್ರವನ್ನು ಹೊರಕ್ಕೆ ತಳ್ಳುವ ಸ್ಪೇಸರುಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಚಕ್ರ ಹೊರಗೆ ಹೋದಷ್ಟೂ ಕಲ್ಲಿನ ಪ್ರತಿ ಪೆಟ್ಟೂ ಉದ್ದದ ಸನ್ನೆಯಾಗಿ ಟೈ ರಾಡಿಗೆ ಬಡಿಯುತ್ತದೆ.

2020ರಲ್ಲಿ ಬಂದ ಹೊಸ ಥಾರಿನಲ್ಲಿ ಮುಂದಿನ ಚಕ್ರಗಳು ಬಿಡಿಬಿಡಿಯಾಗಿ ಏರಿಳಿಯುತ್ತವೆ, ಸ್ಟೀರಿಂಗ್ ರ್‍ಯಾಕ್ ಬಗೆಯದು. ಆ ಹಳೆಯ ನಡುಕದ ಭಯ ಇಲ್ಲಿಲ್ಲ. ಆದರೆ ಇಂಥ ಗಾಡಿಯನ್ನು ಹೆಚ್ಚು ಎತ್ತರಿಸಿದರೆ ಶಾಫ್ಟಿನ ಸಿವಿ ಜಾಯಿಂಟುಗಳು ಸದಾ ಓರೆಯಲ್ಲೇ ಕೆಲಸ ಮಾಡಬೇಕಾಗುತ್ತದೆ, ರಬ್ಬರ್ ಬೂಟು ಹರಿದು ಕೆಸರು ಒಳಹೊಕ್ಕರೆ ಜಾಯಿಂಟು ಬಹಳ ಕಾಲ ಉಳಿಯದು.

ಕಾನೂನನ್ನೂ ತಿಳಿದಿರಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದಿದೆ. ಸವೆದ ಭಾಗಕ್ಕೆ ಅದೇ ಅಳತೆಯ ಹೊಸ ಭಾಗ ಹಾಕುವುದು ಬೇರೆ, ಗಾಡಿಯ ಸ್ವರೂಪ ಬದಲಿಸುವುದು ಬೇರೆ. ಅಪಘಾತವಾದ ಮೇಲೆ ವಿಮೆಯ ಕಚೇರಿಯಲ್ಲಿ ಈ ವ್ಯತ್ಯಾಸ ತಿಳಿದುಕೊಳ್ಳುವಂತಾಗಬಾರದು. ಹಾಗಾಗಿ ಏನನ್ನಾದರೂ ಬದಲಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಬರಹದಲ್ಲಿ ಪಡೆದುಕೊಳ್ಳಿ.

ಒಂದು ರೂಪಾಯಿ ಖರ್ಚು ಮಾಡುವ ಮುನ್ನ ಮಾಡಬಹುದಾದ ಪರೀಕ್ಷೆಯನ್ನು ಹೇಳಿ ಮುಗಿಸುತ್ತೇನೆ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಡಿ. ಚಕ್ರಗಳು ನೆಲದ ಮೇಲೇ ಇರಲಿ. ಒಬ್ಬರು ಸೀಟಿನಲ್ಲಿ ಕುಳಿತು ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಸಣ್ಣಗೆ ಅಲುಗಾಡಿಸುತ್ತಿರಲಿ. ಪವರ್ ಸ್ಟೀರಿಂಗ್ ಇದ್ದರೆ ಗೇರು ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ ಚಾಲೂ ಮಾಡಿ. ಇನ್ನೊಬ್ಬರು ಮುಂದೆ ಕುಳಿತು ಬಾಕ್ಸಿನಿಂದ ಆರಂಭಿಸಿ ಒಂದೊಂದೇ ಕೂಡಿನ ಮೇಲೆ ಕೈಯಿಡಲಿ. ಮೊದಲು ಬಾಕ್ಸಿನ ಬೋಲ್ಟುಗಳು, ಚಾಸಿಯ ಮೇಲೆ ತುಕ್ಕಿನ ಗೆರೆಯಿದೆಯೇ ನೋಡಿ, ಅದು ಬಿರುಕಿರಬಹುದು. ಆಮೇಲೆ ಬಾಕ್ಸಿನಿಂದ ಡ್ರ್ಯಾಗ್ ಲಿಂಕನ್ನು ತಳ್ಳುವ ಪಿಟ್‌ಮನ್ ಆರ್ಮಿನ ನಟ್ಟು, ಡ್ರ್ಯಾಗ್ ಲಿಂಕಿನ ಎರಡು ತುದಿ, ಬೆಲ್ ಕ್ರ್ಯಾಂಕ್ ಇದ್ದರೆ ಅದರ ಪಿನ್ನು, ಟೈ ರಾಡ್ ಎಂಡುಗಳು. ಕೂಡಿನ ಒಂದು ಬದಿ ಚಲಿಸಿ ಇನ್ನೊಂದು ಬದಿ ತಡವಾಗಿ ಹಿಂಬಾಲಿಸಿದರೆ ಕೈಗೆ ಟಕ್ಕೆಂದು ತಿಳಿಯುತ್ತದೆ. ಹೋಗುಹೋಗುತ್ತಾ ಪ್ರತಿ ಕಿರೀಟ ನಟ್ಟಿನಲ್ಲೂ ಸ್ಪ್ಲಿಟ್ ಪಿನ್ ಇದೆಯೇ ಎಣಿಸಿ. ಒಮ್ಮೆ ತೆಗೆದ ಪಿನ್ನನ್ನು ಮತ್ತೆ ಹಾಕಬೇಡಿ, ಅದರ ಜಾಗದಲ್ಲಿ ಮೊಳೆಯನ್ನೋ ತಂತಿಯನ್ನೋ ತೂರಿಸಲು ಮೆಕ್ಯಾನಿಕ್ಕಿಗೆ ಬಿಡಬೇಡಿ. ಮಳೆಗಾಲ ಶುರುವಾಗುವ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ, ಗಾಡಿ ದೊಡ್ಡ ಬಂಡೆಗೆ ಬಡಿದ ದಿನ ಸಂಜೆಯೇ ಒಮ್ಮೆ ಇದನ್ನು ಮಾಡಿ.